ಬೆಲ್ ಒತ್ತಿದ ಮೇಲೆ ಎಷ್ಟು ಹೊತ್ತು?

ಮಾನ್ಯ ಸಂಪಾದಕರೆ,

ಪ್ರತಿ ಅಕ್ಟೋಬರ್ 1ಕ್ಕೆ, ಹಿರಿಯರ ದಿನ ಅಂತ, ಪತ್ರಿಕೆಗಳಲ್ಲಿ ಒಂಟಿತನದ ಬಗ್ಗೆ, ಮಕ್ಕಳ ಅಸಡ್ಡೆಯ ಬಗ್ಗೆ ಬೇಕಾದಷ್ಟು ಬರುತ್ತದೆ. ಶೌಚದ ಬಗ್ಗೆ ಯಾರೂ ಬರೆಯುವುದಿಲ್ಲ. ನಾನು ಹಿರಿಯರ ಆರೈಕೆ ಕೇಂದ್ರವೊಂದರಲ್ಲಿ ರಾತ್ರಿ ಪಾಳಿ ಮಾಡುವ ಆಯಾ. ನನ್ನ ಕೆಲಸದ ಮುಕ್ಕಾಲು ಪಾಲು ಅದೇ. ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಒಬ್ಬರು ಮೇಷ್ಟ್ರು ಇದ್ದಾರೆ. ಪಕ್ಕದಲ್ಲಿ ಯಾರಾದರೂ ನಿಂತರೆ ಸಾಕು, ವಾಕರ್ ಹಿಡಿದು ನಡೆದೇ ಹೋಗುತ್ತಾರೆ. ಮೂತ್ರ ಬರುವುದು ಅವರಿಗೆ ಗೊತ್ತಾಗುತ್ತದೆ, ತುಂಬಾ ಹೊತ್ತು ತಡೆದುಕೊಳ್ಳಲು ಆಗುವುದಿಲ್ಲ, ಅಷ್ಟೇ. ಆದರೂ ರಾತ್ರಿ ಡೈಪರ್ ಹಾಕುತ್ತೇವೆ. ಇಡೀ ಮಹಡಿಗೆ ಆಯಾ ಒಬ್ಬಳೇ ಅನ್ನುವುದು ಬಿಟ್ಟರೆ ಅದಕ್ಕೆ ಬೇರೆ ಕಾರಣ ಇಲ್ಲ. ನನ್ನ ರಜೆಯ ದಿನ ಅವರು ಬೆಲ್ ಒತ್ತಿದ್ದಕ್ಕೆ, ಪಾಳಿಯಲ್ಲಿದ್ದವರು ಬಾಗಿಲಲ್ಲೇ ನಿಂತು ‘ಡೈಪರ್ ಇದೆಯಲ್ಲ ಸಾರ್, ಅದರಲ್ಲೇ ಮಾಡಿ’ ಅಂದರಂತೆ. ಪಕ್ಕದ ಮಂಚದವರೇ ನನಗೆ ಹೇಳಿದ್ದು. ಅಂದರೆ ಎಲ್ಲರಿಗೂ ಕೇಳಿಸಿದೆ. ಈಗ ಮೇಷ್ಟ್ರು ಸಂಜೆಯಾದ ಮೇಲೆ ನೀರು ಕುಡಿಯುವುದಿಲ್ಲ. ಲೋಟ ಕೊಟ್ಟರೆ ತುಟಿ ಒದ್ದೆ ಮಾಡಿಕೊಂಡು ವಾಪಸ್ ಕೊಡುತ್ತಾರೆ. ‘ನಿನಗ್ಯಾಕಮ್ಮ ತೊಂದರೆ’ ಅನ್ನುತ್ತಾರೆ.

ನೀರು ಕಮ್ಮಿಯಾದರೆ ಮಲಬದ್ಧತೆ, ಮೂತ್ರದ ಸೋಂಕು, ಎದ್ದು ನಿಂತಾಗ ತಲೆಸುತ್ತು. ಇನ್ನು ಕೆಲವರು ಕಾದು ಸಾಕಾಗಿ ತಾವೇ ಎದ್ದು ಹೊರಡುತ್ತಾರೆ, ಬೀಳುತ್ತಾರೆ. ಈ ವಯಸ್ಸಿನಲ್ಲಿ ಸೊಂಟದ ಮೂಳೆ ಮುರಿದರೆ ಮೊದಲಿನ ಹಾಗೆ ನಡೆಯುವುದು ಕಷ್ಟ. ‘ಬಾತ್‌ರೂಮಿಗೆ ಹೋಗುವಾಗ ಜಾರಿ ಬಿದ್ದರು’ ಅಂತ ಪುಸ್ತಕದಲ್ಲಿ ಬರೆಯುತ್ತಾರೆ. ಬೆಲ್ ಒತ್ತಿ ಎಷ್ಟು ಹೊತ್ತಾಗಿತ್ತು ಅಂತ ಬರೆಯುವುದಿಲ್ಲ.

ಹಾಸಿಗೆ ಹುಣ್ಣಿನ ವಿಷಯವೂ ಹೀಗೆಯೇ. ಒದ್ದೆ ಡೈಪರಿನಲ್ಲಿ ಚರ್ಮ ನೆನೆದು ಮೆತ್ತಗಾಗುತ್ತದೆ. ಮಲವೂ ಸೇರಿದರೆ ಬೇಗ ಸುಲಿಯುತ್ತದೆ. ಬೆನ್ನ ಕೆಳಗಿನ ಮೂಳೆಯ ಹತ್ತಿರ, ಹಿಮ್ಮಡಿಯಲ್ಲಿ ಕೆಂಪಾಗಿದ್ದರೆ ಬೆರಳಿಂದ ಒತ್ತಿ ನೋಡಬೇಕು. ಬಿಳಿಚಿಕೊಳ್ಳದೆ ಕೆಂಪಾಗೇ ಉಳಿದರೆ ಹುಣ್ಣು ಶುರುವಾಯಿತು ಅಂತಲೇ ಲೆಕ್ಕ. ಕಪ್ಪು ಮೈಬಣ್ಣದವರಲ್ಲಿ ಈ ಕೆಂಪು ಸರಿಯಾಗಿ ಕಾಣುವುದೂ ಇಲ್ಲ. ಕೈಯಿಟ್ಟು, ಬಿಸಿಯಾಗಿದೆಯಾ, ಗಟ್ಟಿಯಾಗಿದೆಯಾ ಅಂತ ನೋಡಬೇಕು. ಅದಕ್ಕೆ ಪುರುಸೊತ್ತು ಬೇಕಲ್ವಾ? ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಅಂತ ನಮಗೆ ಕಲಿಸಿದ್ದಾರೆ. ಪುಸ್ತಕದಲ್ಲಿ ಟಿಕ್ ತಪ್ಪದೆ ಬೀಳುತ್ತದೆ. ಮೈ ನೋಡಿದರೆ ನಿಜ ಗೊತ್ತಾಗುತ್ತದೆ.

ಮರೆವಿನ ಕಾಯಿಲೆಯವರಿಗೆ ಬೆಲ್ ಇದ್ದೂ ಇಲ್ಲದ ಹಾಗೆ. ಒಬ್ಬ ಅಜ್ಜಿ ನಡುರಾತ್ರಿ ಎದ್ದು ಕೂತು ಬಟ್ಟೆಯ ಅಂಚು ಎಳೆಯುತ್ತಾ ಗೊಣಗುತ್ತಾರೆ. ಪುಸ್ತಕದಲ್ಲಿ ‘ರಾತ್ರಿ ಗಲಾಟೆ’ ಅಂತಿರುತ್ತದೆ, ಡಾಕ್ಟರು ಬಂದಾಗ ನಿದ್ದೆ ಮಾತ್ರೆಯ ಮಾತು ಏಳುತ್ತದೆ. ಕಮೋಡಿನ ಮೇಲೆ ಕೂರಿಸಿ ಕರೆತಂದರೆ ಸುಮ್ನೆ ಮಲಗುತ್ತಾರೆ.

ವಿಶ್ವಸಂಸ್ಥೆ 1991ರಲ್ಲೇ ಹಿರಿಯರ ಬಗ್ಗೆ ಒಂದಿಷ್ಟು ತತ್ವಗಳನ್ನು ಒಪ್ಪಿಕೊಂಡಿದೆ. ಆರೈಕೆ ಕೇಂದ್ರದಲ್ಲಿ ಇರುವವರ ಘನತೆಗೆ, ಖಾಸಗಿತನಕ್ಕೆ ಪೂರ್ತಿ ಗೌರವ ಸಿಗಬೇಕು ಅಂತ ಅದರಲ್ಲಿದೆ. ನಮ್ಮ ಕೈಯಲ್ಲಿ ಆಗುವುದು ಇಷ್ಟು: ಪರದೆ ಎಳೆಯುವುದು, ಬೇಕಾದಷ್ಟೇ ಬಟ್ಟೆ ಸರಿಸುವುದು, ಮುಟ್ಟುವ ಮುಂಚೆ ‘ಅಜ್ಜಿ, ಬಟ್ಟೆ ಬದಲಿಸ್ತೀನಿ’ ಅನ್ನುವುದು. ಇದಕ್ಕೆ ಮಾಲೀಕರು ದುಡ್ಡು ಹಾಕಬೇಕಿಲ್ಲ. ಹೊತ್ತಿಗೆ ಸರಿಯಾಗಿ ಬರುವುದಕ್ಕೆ ಮಾತ್ರ ಜನ ಬೇಕು.

ಸೇರಿಸಲು ಬರುವ ಮನೆಯವರು ಕೋಣೆ ನೋಡುತ್ತಾರೆ, ಊಟ ವಿಚಾರಿಸುತ್ತಾರೆ. ರಾತ್ರಿ ಎಷ್ಟು ಜನ ಇರುತ್ತೀರಿ ಅಂತ ಕೇಳಿದವರನ್ನು ನಾನು ಕಂಡಿಲ್ಲ. ದಯವಿಟ್ಟು ಕೇಳಿ. ಪಾಳಿ ಬದಲಾಗುವ ಹೊತ್ತಿಗೆ ಹೇಳದೆ ಬಂದು, ನಿಮ್ಮವರ ಬೆಲ್ ನೀವೇ ಒತ್ತಿ ಕೂತು ನೋಡಿ.

ಬೆಲ್ ಒತ್ತಿದ ಸಮಯ, ನಾವು ತಲುಪಿದ ಸಮಯ, ಎರಡನ್ನೂ ಬರೆಯುವ ಪದ್ಧತಿ ಎಲ್ಲ ಕೇಂದ್ರಗಳಲ್ಲೂ ಬರಲಿ. ಅದನ್ನು ಮನೆಯವರಿಗೂ ತೋರಿಸಲಿ. ಆಯಾಗಳಿಗೇ ಬೈಗುಳ ಬೀಳುತ್ತದೆ ಅಂತ ನನ್ನ ಜೊತೆಯವರಿಗೆ ಭಯ. ಬೀಳಬಹುದು. ಆದರೆ ರಾತ್ರಿಗೆ ಇನ್ನೊಬ್ಬರು ಬೇಕು ಅಂತ ಕೇಳಲು ನಮ್ಮ ಹತ್ತಿರ ಬೇರೆ ಯಾವ ಪುರಾವೆಯೂ ಇಲ್ಲ.

ಇಂತಿ,
ರಾತ್ರಿ ಪಾಳಿಯ ಒಬ್ಬ ಆಯಾ
(ಹೆಸರು ಪ್ರಕಟಿಸುವುದು ಬೇಡ)