ಜೆಲ್ಲಿಮೀನಿನ ಸ್ಥಿತಿಗತಿಯೂ ದಾಖಲಾಗಲಿ

ಮಾನ್ಯ ಸಂಪಾದಕರೇ,

ಮಳೆಗಾಲ ಮುಗಿದು ಬೆಳಗಾವಿ, ಹುಬ್ಬಳ್ಳಿ ಕಡೆಯ ಪ್ರವಾಸಿಗರು ಗೋವಾಕ್ಕೆ ಬರತೊಡಗಿದೊಡನೆ, ಜೆಲ್ಲಿಮೀನು ಕುಟುಕಿ ಹಲವರು ಆಸ್ಪತ್ರೆಗೆ ಎಂಬ ಸುದ್ದಿಗಳೂ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ. ಎಚ್ಚರಿಕೆ ಬೇಕು, ನಿಜ. ಆದರೆ ಈ ಜೀವಿಗಳ ಯಾವ ಪ್ರಭೇದ ಸುಭದ್ರವಾಗಿದೆ, ಯಾವುದು ಕ್ಷೀಣಿಸುತ್ತಿದೆ ಎಂದು ಯಾರೂ ಕೇಳದಿರುವುದು ಕಡಲ ತೀರದಲ್ಲೇ ಬದುಕುವ ನನ್ನಂಥವರಿಗೆ ಬೇಸರ ತರುತ್ತದೆ.

ಅಳಿವಿನಂಚಿನ ಜೀವಿಗಳನ್ನು ಗುರುತಿಸುವ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಗಾಗಿ ಬಹುತೇಕ ಜೆಲ್ಲಿಮೀನುಗಳ ಮೌಲ್ಯಮಾಪನವೇ ಇನ್ನೂ ನಡೆದಿಲ್ಲ. ನಮ್ಮ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಇವುಗಳ ಬಳಗಕ್ಕೇ ಸೇರಿದ ಹವಳಗಳಿಗೆ ರಕ್ಷಣೆ ನೀಡಿದೆ. ಜೆಲ್ಲಿಮೀನುಗಳಿಗೆ ಅಲ್ಲಿ ಸ್ಥಾನವಿಲ್ಲ. ಪಟ್ಟಿಯಲ್ಲಿಲ್ಲ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದುಕೊಳ್ಳುವಂತಿಲ್ಲ.

ಹಿಂಡುಹಿಂಡಾಗಿ ದಡಕ್ಕೆ ಬರುವ ಇವಕ್ಕೇನು ಕೊರತೆ ಎನ್ನುವವರಿದ್ದಾರೆ. ನೀರು ಬಿಸಿಯಾಗಿ, ಮೀನುಗಳು ಕಡಿಮೆಯಾದಂತೆ ಕೆಲವು ಪ್ರಭೇದಗಳು ಹೆಚ್ಚುವುದೂ ಉಂಟು. ಆದರೆ ನಮಗೆ ಕಾಣುವ ಗಂಟೆಯಾಕಾರದ ದೇಹ ಅದರ ಬಾಳಿನ ಒಂದು ಹಂತ ಮಾತ್ರ. ಮೊಟ್ಟೆಯಿಂದ ಹೊರಬಂದ ಲಾರ್ವಾ ಬಂಡೆಗೋ ಚಿಪ್ಪಿಗೋ ಅಂಟಿಕೊಂಡು ಕೆಲವೇ ಮಿಲಿಮೀಟರ್ ಎತ್ತರದ ಪಾಲಿಪ್ ಆಗುತ್ತದೆ. ಅನುಕೂಲ ಕಾಲ ಬಂದಾಗ ಅದೇ ಪಾಲಿಪ್ ಬಿಲ್ಲೆಬಿಲ್ಲೆಯಾಗಿ ಕಳಚಿ ಹೊಸ ಜೆಲ್ಲಿಮೀನುಗಳನ್ನು ನೀರಿಗೆ ಬಿಡುತ್ತದೆ. ಪೆಸಿಫಿಕ್‌ನ ಪಲಾವು ದ್ವೀಪರಾಷ್ಟ್ರದ ಸರೋವರವೊಂದರಲ್ಲಿ 1998ರ ಎಲ್ ನಿನೊ (ಪೆಸಿಫಿಕ್ ಸಾಗರದ ನೀರು ಬಿಸಿಯೇರುವ ವಿದ್ಯಮಾನ) ಸಮಯದಲ್ಲಿ ಹೊಂಬಣ್ಣದ ಜೆಲ್ಲಿಮೀನುಗಳು ಇಲ್ಲವಾಗಿ, ಮುಂದೆ ತಳದಲ್ಲಿ ಉಳಿದಿದ್ದ ಪಾಲಿಪ್‌ಗಳಿಂದಲೇ ಮರಳಿ ಬಂದವು. ನಮ್ಮ ಕರಾವಳಿಯಲ್ಲಿ ಹೂಳೆತ್ತುವಾಗ, ತಳ ಗೋರುವ ಟ್ರಾಲ್ ಬಲೆ ಎಳೆಯುವಾಗ ಈ ಪಾಲಿಪ್‌ಗಳ ಗತಿ ಏನಾಗುತ್ತದೆಂದು ವಿಚಾರಿಸುವವರು ಯಾರು?

ರಂಪಣಿ ಬಲೆ ಎಳೆದು ಮರಳಿನ ಮೇಲೆ ಸುರಿದ ರಾಶಿಯಲ್ಲಿ ಚಂದ್ರ ಜೆಲ್ಲಿ ಎಂಬ ಜೆಲ್ಲಿಮೀನೊಂದನ್ನು ಬಗ್ಗಿ ನೋಡಿದರೆ, ಅದರ ತಿಳಿಯಾದ ದೇಹದ ನಡುವೆ ಕುದುರೆಲಾಳದಾಕಾರದ ನಾಲ್ಕು ಜನನಾಂಗಗಳು ಕಾಣುತ್ತವೆ. ಮಳೆಗಾಲದಲ್ಲಿ ತೇಲಿಬರುವ, ಅಂಚಿನಲ್ಲಿ ನೀಲಿ ಎಳೆಗಳಿರುವ ನಾಣ್ಯದಂಥ ಪೊರ್ಪಿಟಾ ನಿಜವಾದ ಜೆಲ್ಲಿಮೀನೇ ಅಲ್ಲ. ಆದರೂ ಮೀನು ವಿಂಗಡಿಸುವಾಗ ಎಲ್ಲವೂ ಒಂದೇ ಕಸವಾಗಿ ಬಿಸಿಲಿಗೆ ಬೀಳುತ್ತವೆ, ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಗೋವಾದ ಮೋರ್ಜಿ, ಗಾಲ್ಜಿಬಾಗ್ ತೀರಗಳಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಗೆ ನಾವು ಕಾವಲು ಹಾಕುತ್ತೇವೆ. ಅದರ ಆಹಾರಗಳಲ್ಲಿ ಒಂದಾದ ಜೆಲ್ಲಿಮೀನನ್ನು ಮಾತ್ರ ಎಣಿಸುವುದಿಲ್ಲ. ಇಂಗ್ಲೆಂಡಿನಲ್ಲಿ ಕಡಲಹುಲ್ಲಿಗೆ ಅಂಟಿ ಬದುಕುವ ಕಾಂಡದ ಜೆಲ್ಲಿಮೀನುಗಳನ್ನು ಸಾಗರ ಸಂರಕ್ಷಣಾ ವಲಯಗಳಲ್ಲಿ ಕಾಪಾಡಲಾಗುತ್ತಿದೆ.

ಎಲ್ಲ ಜೆಲ್ಲಿಮೀನುಗಳನ್ನೂ ಸಂರಕ್ಷಿತ ಪಟ್ಟಿಗೆ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಮೀನು ಇಳಿಸುವ ಬಂದರುಗಳಲ್ಲಿ ಇವನ್ನು ಪ್ರಭೇದವಾರು ಬರೆದಿಡುವ ವ್ಯವಸ್ಥೆಯನ್ನು ಗೋವಾ ಮತ್ತು ಕರ್ನಾಟಕದ ಮೀನುಗಾರಿಕೆ ಇಲಾಖೆಗಳು ಜಂಟಿಯಾಗಿ ಆರಂಭಿಸಲಿ. ಕರ್ನಾಟಕದ ಕಾರವಾರಕ್ಕೂ ಗೋವಾದ ಕಾಣಕೋಣಕ್ಕೂ ಕಡಲು ಒಂದೇ. 1966ರಲ್ಲಿ ಸ್ಥಾಪನೆಯಾಗಿ ಈಗ ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ತಜ್ಞರ ನೆರವನ್ನು ಇದಕ್ಕೆ ಪಡೆಯಬಹುದು. ಕುಟುಕಿದ ಸುದ್ದಿ ಬರೆಯುವಾಗ ಅದು ಯಾವ ಪ್ರಭೇದವೆಂದು ವಿಚಾರಿಸಿ ಪ್ರಕಟಿಸಬೇಕೆಂದು ತಮ್ಮ ಪತ್ರಿಕೆಯಲ್ಲೂ ವಿನಂತಿಸುತ್ತೇನೆ.

– ಓದುಗ, ವಾಸ್ಕೊ, ಗೋವಾ