ಮಗಳಿಗೊಂದು ಪತ್ರ: ಒಸುನಾನ ಆಟ

ಚಿ. ಕು. ಮೇಘನಾಗೆ ಅಪ್ಪನ ಆಶೀರ್ವಾದಗಳು.

ಎತ್ತರದ ಹುಡುಗಿಯ ಸರ್ವ್ ಎದುರಿಸಲಾಗದೆ ಸೋತೆನೆಂದು ಬರೆದಿದ್ದೀಯೆ. ಅದನ್ನು ಓದಿದಾಗಿನಿಂದ ನನಗೆ ಮೆಕ್ಸಿಕೋದ ಟೆನಿಸ್ ಆಟಗಾರ ರಾಫೆಲ್ ಒಸುನಾ ನೆನಪಾಗುತ್ತಿದ್ದಾನೆ.

1963ರಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನ ಹುಲ್ಲಿನ ಅಂಗಣದಲ್ಲಿ ಅಮೆರಿಕನ್ ಚಾಂಪಿಯನ್‌ಷಿಪ್‌ನ (ಇಂದಿನ ಯು.ಎಸ್. ಓಪನ್) ಫೈನಲ್ ಆಡಿದಾಗ ಅವನಿಗೆ ಇನ್ನೂ 25 ತುಂಬಿರಲಿಲ್ಲ. ಎದುರಾಳಿ ಫ್ರ್ಯಾಂಕ್ ಫ್ರೋಲಿಂಗ್ ಆರಡಿ ಮೀರಿದ ಆಳು, ಅವನ ಸರ್ವ್ ಸಿಡಿಲಿನಂಥದ್ದು. ಒಸುನಾ ಬೇಸ್‌ಲೈನಿನಿಂದ ಬಹಳ ಹಿಂದಕ್ಕೆ ಸರಿದು ನಿಂತು, ಚೆಂಡಿನ ರಭಸ ಇಳಿಯುವ ತನಕ ಕಾದು, ನೆಟ್‌ನತ್ತ ಓಡಿಬರುತ್ತಿದ್ದ ಫ್ರೋಲಿಂಗ್‌ನ ತಲೆಯ ಮೇಲಿಂದ ಲಾಬ್, ಅಂದರೆ ಎತ್ತರಕ್ಕೆ ಹಾರಿಸಿದ ಹೊಡೆತ, ಎತ್ತುತ್ತಿದ್ದ. ತೋಳಿನ ಬಲವನ್ನು ತೋಳಿನ ಬಲದಿಂದ ಎದುರಿಸುವ ಗೋಜಿಗೇ ಹೋಗದೆ 7-5, 6-4, 6-2ರಿಂದ ಗೆದ್ದ. ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದ ಮೆಕ್ಸಿಕೋದ ಗಂಡಸು ಇಂದಿಗೂ ಅವನೊಬ್ಬನೇ.

ಅವನ ಬಂಡವಾಳವೆಲ್ಲ ಕಾಲಿನ ಚುರುಕು. ಚಿಕ್ಕಂದಿನಲ್ಲಿ ಟೇಬಲ್ ಟೆನಿಸ್ ಆಡಿ ಪಳಗಿದ ಕೈ ಅವನದು. ಹೊಡೆತಗಳನ್ನು ತಿದ್ದಿಕೊಂಡದ್ದು ಮಾತ್ರ ಆಮೇಲೆ, ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಕೋಚ್ ಜಾರ್ಜ್ ಟೋಲಿಯವರ ಕೈಕೆಳಗೆ. 1960ರಲ್ಲಿ 17ರ ಹುಡುಗ ಡೆನಿಸ್ ರಾಲ್‌ಸ್ಟನ್‌ನೊಡನೆ, ಶ್ರೇಯಾಂಕವಿಲ್ಲದೆಯೇ, ವಿಂಬಲ್ಡನ್ ಡಬಲ್ಸ್ ಗೆದ್ದ. 1963ರಲ್ಲಿ ತನ್ನ ನಾಡಿನವನೇ ಆದ ಆಂಟೋನಿಯೋ ಪಲಾಫಾಕ್ಸ್‌ನ ಜೊತೆಗೂಡಿ ಅದನ್ನು ಮತ್ತೊಮ್ಮೆ ಗೆದ್ದ. ನಡುವೆ, 1962ರಲ್ಲಿ, ಮೆಕ್ಸಿಕೋ ತಂಡ, ದೇಶ-ದೇಶಗಳ ತಂಡಗಳು ಐದೈದು ಪಂದ್ಯ ಆಡುತ್ತಿದ್ದ ಡೇವಿಸ್ ಕಪ್‌ನಲ್ಲಿ, ಅಮೆರಿಕವನ್ನು ಮಣಿಸಿ, ನಮ್ಮ ಮದ್ರಾಸಿಗೇ ಬಂದು ಭಾರತವನ್ನೂ ಸೋಲಿಸಿ, ಬ್ರಿಸ್ಬೇನ್‌ನಲ್ಲಿ ರಾಡ್ ಲೇವರ್, ರಾಯ್ ಎಮರ್ಸನ್‌ರಂಥ ಘಟಾನುಘಟಿಗಳಿದ್ದ ಆಸ್ಟ್ರೇಲಿಯಾದ ಮುಂದೆ 5-0ರಿಂದ ಸೋತಿತು.

ಆ ಸೋಲಿನ ಲೆಕ್ಕ ಚುಕ್ತಾ ಆಗಲು ಏಳು ವರ್ಷ ಹಿಡಿಯಿತು. 1969ರ ಮೇ ತಿಂಗಳಲ್ಲಿ ಮೆಕ್ಸಿಕೋ ನಗರದಲ್ಲಿ ಮತ್ತೆ ಆಸ್ಟ್ರೇಲಿಯಾ ಎದುರಾಯಿತು. ಒಸುನಾ ತನ್ನ ಎರಡೂ ಸಿಂಗಲ್ಸ್ ಗೆದ್ದ, ವಿಸೆಂಟೆ ಸರಾಸುವಾನೊಡನೆ ಡಬಲ್ಸ್ ಕೂಡ ಗೆದ್ದ. ತಲಾ ಎರಡು ಗೆಲುವಿನಲ್ಲಿ ಸಮವಾಗಿದ್ದಾಗ, ಬಿಲ್ ಬೌರಿಯ ಎದುರಿನ ಕೊನೆಯ ಪಂದ್ಯವೇ ಅವನ ಎರಡನೆಯ ಸಿಂಗಲ್ಸ್. ಆಸ್ಟ್ರೇಲಿಯಾದ ಘಟಾನುಘಟಿಗಳು ಆಗ ವೃತ್ತಿಪರರಾಗಿ ಡೇವಿಸ್ ಕಪ್‌ನಿಂದ ಹೊರಗುಳಿದಿದ್ದರು ಎಂಬುದು ನಿಜವೇ; ಆದರೂ ಇಡೀ ತಂಡದ ಭಾರವನ್ನು ಒಬ್ಬನೇ ಹೊತ್ತ ಆ ಮೂರು ದಿನಗಳನ್ನು ನಾನು ಫಾರೆಸ್ಟ್ ಹಿಲ್ಸ್‌ಗಿಂತ ಒಂದು ಗುಲಗಂಜಿ ಹೆಚ್ಚೇ ತೂಗುತ್ತೇನೆ.

ಅದಾಗಿ ಕೆಲವೇ ದಿನಗಳಿಗೆ, ಜೂನ್ 4ರಂದು, ಅವನಿದ್ದ ವಿಮಾನ ಮೆಕ್ಸಿಕೋದ ಮಾಂಟೆರೇ ನಗರದ ಬಳಿಯ ಬೆಟ್ಟಕ್ಕೆ ಅಪ್ಪಳಿಸಿತು. ಅವನಿಗೆ ಆಗ 30 ವರ್ಷ.

ಭಾನುವಾರ ನಾನು ಬರುತ್ತೇನೆ. ನಾನೇ ಸರ್ವ್ ಮಾಡುತ್ತೇನೆ, ನೀನು ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡು.

ನಿನ್ನ ಅಪ್ಪ