ವೀಸಾ ಕಾಗದ ನೋಡಿ ಹೇಳುವವರು ಮಡಿಕೇರಿಯಲ್ಲೂ ಇರಲಿ

ಸಂಪಾದಕರೇ,

ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ನಾನು ರೈಟರ್, ಅಂದರೆ ಲೆಕ್ಕಪತ್ರ ಬರೆಯುವವನು. ಕಾಗದಪತ್ರ ಅಂದರೆ ಲೈನ್‌ಮನೆಯ ಕೂಲಿಯವರೆಲ್ಲ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಕಳೆದ ವರ್ಷ ನನ್ನ ಅಕ್ಕನ ಮಗನೇ ಬಂದ. ಪಿಕಪ್ ಓಡಿಸುವ ಹುಡುಗ, ಓದಿದ್ದು ಒಂಬತ್ತನೇ ಕ್ಲಾಸು. ದುಬೈಯಲ್ಲಿ ಡ್ರೈವರ್ ಕೆಲಸ ಕೊಡಿಸುತ್ತೇನೆಂದು ಒಬ್ಬ ಏಜೆಂಟ್ 90,000 ರೂಪಾಯಿ ಕೇಳಿದ್ದ. ಅಕ್ಕನ ಬಳೆ ಅಡವಿಟ್ಟು 40,000 ಕೊಟ್ಟೂ ಆಗಿತ್ತು. ರಸೀದಿ ಎಲ್ಲಿ ಅಂದೆ. ವಿಸಿಟಿಂಗ್ ಕಾರ್ಡಿನ ಹಿಂದೆ ಪೆನ್ನಿನಲ್ಲಿ '40' ಅಂತ ಬರೆದಿತ್ತು, ಅಷ್ಟೇ. ಸೊನ್ನೆ ಹಾಕಲೂ ಅವನಿಗೆ ಪುರುಸೊತ್ತಿರಲಿಲ್ಲ.

ಮೊಬೈಲಿನಲ್ಲಿದ್ದ ವೀಸಾ ನೋಡಿದರೆ ನನಗೂ ತಲೆಬುಡ ತಿಳಿಯಲಿಲ್ಲ. ಕೊನೆಗೆ ಮಂಗಳೂರಿನಲ್ಲಿ ಲೈಸೆನ್ಸ್ ಇರುವ ಏಜೆಂಟರೊಬ್ಬರಿಗೆ ತೋರಿಸಿದೆವು. ಎರಡೇ ನಿಮಿಷ. "ಇದು ಟೂರಿಸ್ಟ್ ವೀಸಾ ಮಾರಾಯ್ರೇ, ಇದರಲ್ಲಿ ಕೆಲಸ ಮಾಡುವ ಹಾಗಿಲ್ಲ" ಅಂದರು. ಹುಡುಗ ಹತ್ತನೇ ಕ್ಲಾಸು ಪಾಸಾಗಿಲ್ಲ, ಹಾಗಾಗಿ ಅವನದು ಇಸಿಆರ್ ಪಾಸ್‌ಪೋರ್ಟ್, ಅಂದರೆ ಹೊರದೇಶಕ್ಕೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ತಪಾಸಣೆ ಬೇಕಾದದ್ದು. ಅಂಥವರು ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ, ಅಂದರೆ ಕ್ಲಿಯರೆನ್ಸ್, ಪಡೆಯಬೇಕು. ಅರ್ಜಿಯನ್ನು ಸರ್ಕಾರದ ಇ-ಮೈಗ್ರೇಟ್ ಎಂಬ ವೆಬ್‌ಸೈಟಿನಲ್ಲೇ ಹಾಕಬೇಕು. ಏಜೆಂಟಿಗೆ ಲೈಸೆನ್ಸ್ ಇದೆಯೋ ಇಲ್ಲವೋ ಎಂದೂ ಅಲ್ಲೇ ನೋಡಬಹುದು. ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೆ ರಸೀದಿಯನ್ನೂ ಕೊಡಲೇಬೇಕು. ಜೊತೆಗೆ 10 ಲಕ್ಷದ ಅಪಘಾತ ವಿಮೆಯೂ ಕಡ್ಡಾಯ. ಎರಡು ವರ್ಷಕ್ಕೆ ಅದರ ಕಂತು 275 ರೂಪಾಯಿ. ನಮ್ಮ ಏಜೆಂಟ್ ಇದರಲ್ಲಿ ಒಂದನ್ನೂ ಬಾಯಿಬಿಟ್ಟಿರಲಿಲ್ಲ.

ಎಲ್ಲ ಏಜೆಂಟರೂ ಕಳ್ಳರು ಅಂತ ನಾನು ಹೇಳುತ್ತಿಲ್ಲ. ಗೊತ್ತಿರುವವರಿಗೆ ದುಡ್ಡು ಕೊಟ್ಟು ಕೆಲಸ ಮಾಡಿಸಿಕೊಂಡರೆ ತಪ್ಪೇನೂ ಇಲ್ಲ, ಅಲ್ವಾ? ಆದರೆ ಯಾರಿಗೆ ಗೊತ್ತಿದೆ, ಯಾರಿಗಿಲ್ಲ ಎಂದು ನಮಗೆ ತಿಳಿಯುವುದು ಹೇಗೆ? ಕ್ಲಿಯರೆನ್ಸ್ ವಿಚಾರ ಕೇಳಲು, ಅದನ್ನು ಕೊಡುವ ಸರ್ಕಾರಿ ಅಧಿಕಾರಿ ಪ್ರೊಟೆಕ್ಟರ್ ಆಫ್ ಎಮಿಗ್ರಂಟ್ಸ್ ಅವರ ಕಚೇರಿಗೆ ಹೋಗೋಣವೆಂದರೆ ಅದಿರುವುದು ಬೆಂಗಳೂರಿನಲ್ಲಿ. ರೈಲೂ ಇಲ್ಲದ ಜಿಲ್ಲೆ ನಮ್ಮದು. ಒಂದು ಪ್ರಶ್ನೆ ಕೇಳಿ ಬರಲು ಎರಡು ದಿನದ ಕೂಲಿ ಹೋಗುತ್ತದೆ.

ಮಡಿಕೇರಿಯ ಕಾರ್ಮಿಕ ಇಲಾಖೆ ಕಚೇರಿಯಲ್ಲಿ ವಾರಕ್ಕೊಂದು ದಿನ, ಇ-ಮೈಗ್ರೇಟ್ ಬಲ್ಲ ಒಬ್ಬರನ್ನು ಕೂರಿಸಲಿ. ಶುಕ್ರವಾರವಾದರೆ ಒಳ್ಳೆಯದು, ಹೇಗೂ ಸಂತೆಗೆ ಜನ ಬಂದೇ ಬರುತ್ತಾರೆ. ಲೈಸೆನ್ಸ್ ನಂಬರ್ ಮತ್ತು ವೀಸಾ ನೋಡಿ, ಸರಿ ಇದೆಯೋ ಇಲ್ಲವೋ ಹೇಳಿ ಕಳಿಸಿದರೆ ಸಾಕು.

ಹುಡುಗ ಮತ್ತೆ ಪಿಕಪ್ ಓಡಿಸುತ್ತಿದ್ದಾನೆ. ಬಳೆ ಇನ್ನೂ ಬಿಡಿಸಿಕೊಂಡಿಲ್ಲ.

– ಒಬ್ಬ ತೋಟದ ರೈಟರ್, ಸುಂಟಿಕೊಪ್ಪ